ಯಾರಿಗೂ ಕೇಡಾಗದಿದ್ದರೆ ಸಾಕು: ವಿಕ್ಕಾ ಧರ್ಮದ ನೀತಿ ಹುಟ್ಟಿದ ಕಥೆ

ಇಪ್ಪತ್ತನೇ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ರೂಪುಗೊಂಡ ವಿಕ್ಕಾ ಧರ್ಮದ ನೀತಿಯನ್ನೆಲ್ಲ ಒಂದೇ ಸಾಲಿನಲ್ಲಿ ಹೇಳುವುದುಂಟು: ಯಾರಿಗೂ ಕೇಡಾಗದಿದ್ದರೆ ನಿನಗೆ ಬೇಕಾದ್ದನ್ನು ಮಾಡು. ಇಂಗ್ಲಿಷಿನಲ್ಲಿ ಇದು ಬರೀ ಎಂಟು ಪದ. ವಿಕ್ಕನ್ ರೀಡ್ ಅಂತ ಇದರ ಹೆಸರು. ಇದನ್ನು ಆಜ್ಞೆ ಅಂತ ಯಾರೂ ಹೇರುವುದಿಲ್ಲ, ಹಿರಿಯರು ಹೇಳುವ ಬುದ್ಧಿಮಾತು ಅಂತ ತೆಗೆದುಕೊಳ್ಳುತ್ತಾರೆ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಇದು ಸಾವಿರಾರು ವರ್ಷ ಹಳೆಯದು ಅಂತ ಬರೆದಿರುವುದೇ ಜಾಸ್ತಿ. ಹಾಗೇನಿಲ್ಲ. ಈಗಿನ ರೂಪದಲ್ಲಿ ಅದು ಜನರ ಮುಂದೆ ಬಂದದ್ದು 1964ರ ಅಕ್ಟೋಬರ್‌ನಲ್ಲಿ, ಇಂಗ್ಲೆಂಡಿನ ಒಂದು ಔತಣಕೂಟದಲ್ಲಿ. ಅಲ್ಲಿಗೆ ಅದು ಬಂದು ಮುಟ್ಟಿದ ದಾರಿ ನೋಡಿದ ಮೇಲೆ ಈ ಧರ್ಮದ ಬಗ್ಗೆ ನನ್ನ ಗೌರವ ಹೆಚ್ಚೇ ಆಯಿತು.

ಮೊದಲು ಒಂದು ಮಾತು. ವಿಕ್ಕಾ ಅಂದ ಕೂಡಲೇ ಸೈತಾನನ ಪೂಜೆ ಅಂದುಕೊಳ್ಳುವವರು ಬಹಳ ಮಂದಿ. ಸೈತಾನ ಕ್ರೈಸ್ತ ನಂಬಿಕೆಯ ಒಳಗಿನವನು, ವಿಕ್ಕಾದವರು ಅವನಿದ್ದಾನೆ ಅಂತಲೇ ಒಪ್ಪುವುದಿಲ್ಲ. ಅವರಲ್ಲಿ ಹೆಚ್ಚಿನವರಿಗೆ ಒಬ್ಬಳು ದೇವಿ, ಒಬ್ಬ ದೇವ. ದೇವಿಗೂ ಚಂದ್ರನಿಗೂ ನಂಟು. ದೇವನಿಗೆ ಕೊಂಬುಗಳಿವೆ, ಕಾಡು ಮತ್ತು ಬೇಟೆ ಅವನವು. ಹುಣ್ಣಿಮೆಗೆ ಸೇರುತ್ತಾರೆ. ವರ್ಷಕ್ಕೆ ಎಂಟು ಹಬ್ಬ: ಹಗಲು ಅತಿ ಉದ್ದವಾದ ದಿನ, ಅತಿ ಚಿಕ್ಕದಾದ ದಿನ, ಹಗಲು ರಾತ್ರಿ ಸಮವಾಗುವ ಎರಡು ದಿನ, ಇವುಗಳ ನಡುವೆ ಬರುವ ಇನ್ನು ನಾಲ್ಕು. ದೇವರು ಎಲ್ಲೋ ಮೇಲೆ ಕೂತಿಲ್ಲ, ಈ ಮಣ್ಣು, ಮರ, ಮೈ ಎಲ್ಲದರಲ್ಲೂ ಇದ್ದಾರೆ ಅನ್ನುವುದು ಅವರ ನಂಬಿಕೆ. ಮಂತ್ರವನ್ನೂ ನಂಬುತ್ತಾರೆ, ಮಾಡುತ್ತಾರೆ, ತಮ್ಮನ್ನು ಮಾಟಗಾತಿಯರು ಅಂತಲೇ ಕರೆದುಕೊಳ್ಳುವವರೂ ಅವರಲ್ಲಿ ಬಹಳ. ಮಂತ್ರಕ್ಕೆ ಶಕ್ತಿ ಇದೆ ಅಂದಮೇಲೆ ಅದನ್ನು ಯಾರ ಮೇಲೆ ಬಳಸಬಹುದು, ಯಾರ ಮೇಲೆ ಬಳಸಬಾರದು ಅನ್ನುವ ಪ್ರಶ್ನೆ ಬಂದೇ ಬರುತ್ತದೆ, ಅಲ್ವಾ? ನೀತಿಯ ಕಥೆ ಶುರುವಾಗುವುದೇ ಅಲ್ಲಿ.

1921ರಲ್ಲಿ ಮಾರ್ಗರೆಟ್ ಮರ್ರೆ ಎಂಬ ವಿದ್ವಾಂಸೆ ಒಂದು ವಾದ ಮುಂದಿಟ್ಟರು. ಯುರೋಪಿನಲ್ಲಿ ಮಾಟಗಾತಿಯರು ಅಂತ ಕೊಲ್ಲಲ್ಪಟ್ಟವರು ನಿಜಕ್ಕೂ ಕ್ರೈಸ್ತ ಧರ್ಮಕ್ಕಿಂತ ಹಳೆಯ ಒಂದು ಧರ್ಮದವರು, ಆ ಧರ್ಮ ಗುಟ್ಟಾಗಿ ಉಳಿದುಕೊಂಡು ಬಂದಿತ್ತು ಎಂದರು. ಇತಿಹಾಸಕಾರರು ಈಗ ಇದನ್ನು ಒಪ್ಪುವುದಿಲ್ಲ. ಆದರೆ ಆಗ ಅದು ಬಹಳ ಜನರನ್ನು ಸೆಳೆಯಿತು, ಅವರಲ್ಲಿ ಒಬ್ಬರು ಜೆರಾಲ್ಡ್ ಗಾರ್ಡ್ನರ್. 1884ರಲ್ಲಿ ಹುಟ್ಟಿದವರು, ಸಿಲೋನಿನ ಟೀ ತೋಟದಲ್ಲಿ, ಆಮೇಲೆ ಬೋರ್ನಿಯೊ, ಮಲಯಗಳಲ್ಲಿ ರಬ್ಬರ್ ತೋಟಗಳಲ್ಲಿ ದುಡಿದವರು, ಸರ್ಕಾರಿ ಅಧಿಕಾರಿಯಾಗಿ 1936ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿದವರು. 1939ರಲ್ಲಿ ನ್ಯೂ ಫಾರೆಸ್ಟ್ ಎಂಬ ಕಾಡಿನ ಹತ್ತಿರ ಅಂಥ ಹಳೆಯ ಗುಂಪೊಂದು ತಮಗೆ ದೀಕ್ಷೆ ಕೊಟ್ಟಿತು ಅಂತ ಅವರು ಹೇಳಿಕೊಂಡರು. 1735ರ ಮಾಟದ ಕಾಯ್ದೆ 1951ರಲ್ಲಿ ರದ್ದಾಯಿತು. 1954ರಲ್ಲಿ ಗಾರ್ಡ್ನರ್ ತಮ್ಮ ಧರ್ಮದ, ಅಂದರೆ ನಾವೀಗ ವಿಕ್ಕಾ ಅನ್ನುವುದರ, ಬಗ್ಗೆ ಬಹಿರಂಗವಾಗಿಯೇ ಪುಸ್ತಕ ಬರೆದರು. ಅದಕ್ಕೆ ಮುನ್ನುಡಿ ಕೊಟ್ಟವರು ಅದೇ ಮರ್ರೆ.

ಇನ್ನೊಂದು ಎಳೆ ಗುಪ್ತವಿದ್ಯೆಯ ಇಂಗ್ಲಿಷ್ ಲೇಖಕ ಅಲೆಸ್ಟರ್ ಕ್ರೌಲಿ ಅವರದು. 1904ರಲ್ಲಿ ಕೈರೋದಲ್ಲಿ ಅವರು ಬರೆದಿಟ್ಟ ಗ್ರಂಥದಲ್ಲಿ ನಿನ್ನ ಇಚ್ಛೆಯಂತೆ ಮಾಡು, ಕಾನೂನೆಂದರೆ ಅಷ್ಟೇ ಎಂಬ ಅರ್ಥದ ಮಾತಿದೆ. ಇಲ್ಲಿ ಇಚ್ಛೆ ಅಂದರೆ ಮನಸ್ಸಿಗೆ ಬಂದದ್ದಲ್ಲ, ಒಬ್ಬ ಮನುಷ್ಯ ಈ ಲೋಕಕ್ಕೆ ಬಂದದ್ದು ಯಾಕೆ ಅನ್ನುವಂಥ ಆಳದ ಗುರಿ. ಗಾರ್ಡ್ನರ್ 1947ರಲ್ಲಿ ಕ್ರೌಲಿಯನ್ನು ಕಂಡಿದ್ದರು, ಅವರ ಬರಹದಿಂದ ಧಾರಾಳವಾಗಿ ತೆಗೆದುಕೊಂಡಿದ್ದರು. ಆದರೆ ಕ್ರೌಲಿಯ ಆ ಸಾಲಿನಲ್ಲಿ ಇನ್ನೊಬ್ಬರಿಗೆ ಕೇಡು ಮಾಡಬೇಡ ಅನ್ನುವುದಿಲ್ಲ. ಅದು ಬಂದದ್ದು ಎಲ್ಲಿಂದ? 1959ರ ತಮ್ಮ ಪುಸ್ತಕದಲ್ಲಿ ಗಾರ್ಡ್ನರ್, ಮಾಟಗಾತಿಯರ ನೀತಿ ಪೌಸೋಲ್ ಎಂಬ ಒಳ್ಳೆಯ ರಾಜನ ನೀತಿಯ ಹಾಗೆ, ಯಾರಿಗೂ ಕೇಡು ಮಾಡದಿದ್ದರೆ ಇಷ್ಟ ಬಂದದ್ದು ಮಾಡು ಎಂದು ಬರೆದರು. ಈ ಪೌಸೋಲ್ ಇತಿಹಾಸದ ರಾಜನಲ್ಲ. 1901ರಲ್ಲಿ ಫ್ರೆಂಚ್ ಲೇಖಕ ಪಿಯರ್ ಲೂಯಿಸ್ ಬರೆದ ಕಾದಂಬರಿಯ ರಾಜ. ಅವನ ರಾಜ್ಯದಲ್ಲಿ ಕಾನೂನು ಎರಡೇ: ನೆರೆಯವನಿಗೆ ಕೇಡು ಮಾಡಬೇಡ, ಇದು ಗೊತ್ತಾಯಿತಲ್ಲ, ಇನ್ನು ನಿನಗೆ ಬೇಕಾದ್ದು ಮಾಡು. ಒಂದು ಧರ್ಮದ ನಡುಗಂಬ ಕಾದಂಬರಿಯಿಂದ ಬಂತು ಅಂತ ಕೆಲವರು ಮುಖ ಸಿಂಡರಿಸುತ್ತಾರೆ. ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಮಾತು ಎಲ್ಲಿ ಸಿಕ್ಕಿತು ಅನ್ನುವುದಕ್ಕಿಂತ, ಸಿಕ್ಕಿದ ಮೇಲೆ ಅದರ ಪ್ರಕಾರ ಬದುಕಲು ಜನ ಹೇಗೆ ಒದ್ದಾಡಿದರು ಅನ್ನುವುದು ಮುಖ್ಯ.

ಆ ಒದ್ದಾಟದಲ್ಲಿ ಎಲ್ಲರಿಗಿಂತ ದೊಡ್ಡ ಪಾಲು ಡೋರೀನ್ ವೇಲಿಯೆಂಟ್ ಅವರದು. 1953ರಲ್ಲಿ ಗಾರ್ಡ್ನರ್ ಅವರಿಂದಲೇ ದೀಕ್ಷೆ ಪಡೆದ ಈ ಹೆಣ್ಣುಮಗಳು, ಗಾರ್ಡ್ನರ್ ಪುರಾತನ ಎಂದು ತೋರಿಸಿದ ಪೂಜಾಪಾಠಗಳಲ್ಲಿ ಕ್ರೌಲಿಯ ಸಾಲುಗಳನ್ನು ಗುರುತಿಸಿ ನೇರವಾಗಿ ಹೇಳಿಬಿಟ್ಟರು. ನಿನಗೆ ಇದಕ್ಕಿಂತ ಚೆನ್ನಾಗಿ ಬರೆಯಲು ಬರುತ್ತದಾ, ಬರೆ ಎಂದರು ಗಾರ್ಡ್ನರ್. ಅವರು ಬರೆದರು. ದೇವಿಯೇ ಭಕ್ತರ ಜೊತೆ ಮಾತಾಡುವಂತಿರುವ, ಇವತ್ತಿಗೂ ಲೋಕದ ಎಲ್ಲೆಡೆ ಹೇಳಿಕೊಳ್ಳುವ ಆ ಗದ್ಯಕ್ಕೆ ರೂಪ ಕೊಟ್ಟವರು ಅವರೇ. 1957ರ ಹೊತ್ತಿಗೆ ಇಬ್ಬರಿಗೂ ಜಗಳವಾಯಿತು. ಗಾರ್ಡ್ನರ್ ಪತ್ರಿಕೆಗಳವರ ಜೊತೆ ಸಿಕ್ಕಾಪಟ್ಟೆ ಮಾತಾಡುತ್ತಿದ್ದರು, ಸ್ವಲ್ಪ ಕಡಿಮೆ ಮಾಡಿ ಅಂತ ವೇಲಿಯೆಂಟ್ ಮತ್ತು ಇತರರು ಕೇಳಿದರು. ಆಗ ಗಾರ್ಡ್ನರ್ ಹಳೆಯ ಕಾನೂನುಗಳು ಅಂತ ಒಂದು ಪಟ್ಟಿ ತೆಗೆದು ಮುಂದಿಟ್ಟರು. ವಯಸ್ಸಾದ ಅರ್ಚಕಿ ಕಿರಿಯಳಿಗೆ ತನ್ನ ಜಾಗ ಬಿಟ್ಟುಕೊಡಬೇಕು ಎಂಬುದೂ ಅದರಲ್ಲಿತ್ತು. ಇಷ್ಟು ದಿನ ಇಲ್ಲದ ಕಾನೂನು ಈಗ ಎಲ್ಲಿಂದ ಬಂತು ಅಂತ ವೇಲಿಯೆಂಟ್‌ಗೆ ಅನುಮಾನ ಬಂತು, ಅವರು ಗುಂಪು ಬಿಟ್ಟು ಹೊರನಡೆದರು. ಹಳೆಯದು ಅಂದ ಮಾತ್ರಕ್ಕೆ ತಲೆಬಾಗಬೇಕಿಲ್ಲ ಅನ್ನುವ ಆ ದಿಟ್ಟತನ ನನಗೆ ವಿಕ್ಕಾದ ನೀತಿಯಲ್ಲೇ ಅತಿ ದೊಡ್ಡದಾಗಿ ಕಾಣುತ್ತದೆ.

ಗಾರ್ಡ್ನರ್ 1964ರ ಫೆಬ್ರವರಿಯಲ್ಲಿ ಹಡಗಿನ ಪ್ರಯಾಣದಲ್ಲಿ ತೀರಿಕೊಂಡರು. ಅದೇ ವರ್ಷ ಅಕ್ಟೋಬರ್ 3ರ ಔತಣದಲ್ಲಿ ಭಾಷಣ ಮಾಡುತ್ತಾ ವೇಲಿಯೆಂಟ್ ಆ ಎಂಟು ಪದಗಳ ಸಾಲು ಹೇಳಿದರು.

ರೀಡ್ ಜೊತೆ ಹೇಳುವ ಇನ್ನೊಂದು ಮಾತು ಮೂರು ಪಟ್ಟಿನ ನಿಯಮ. ಒಳ್ಳೆಯದಾಗಲಿ ಕೆಟ್ಟದ್ದಾಗಲಿ, ನೀನು ಕಳಿಸಿದ್ದು ಮೂರು ಪಟ್ಟಾಗಿ ನಿನಗೇ ಬರುತ್ತದೆ. ಕನ್ನಡದವರಿಗೆ ಥಟ್ಟನೆ ಮಾಡಿದ್ದುಣ್ಣೋ ಮಹಾರಾಯ ನೆನಪಾಗುತ್ತದೆ. ಈ ನಂಟು ಸುಮ್ನೆ ಬಂದದ್ದಲ್ಲ: ಕರ್ಮ, ಪುನರ್ಜನ್ಮದ ಮಾತುಗಳನ್ನು ಯುರೋಪಿನ ಗುಪ್ತವಿದ್ಯೆಯ ಗುಂಪುಗಳಿಗೆ ಹತ್ತೊಂಬತ್ತನೇ ಶತಮಾನದಲ್ಲೇ ಪರಿಚಯಿಸಿದ್ದು ಥಿಯಾಸಫಿ ಎಂಬ ಆಧ್ಯಾತ್ಮಿಕ ಸಂಘದವರು, ಅವರ ಕೇಂದ್ರ ಮದ್ರಾಸಿನ ಅಡ್ಯಾರ್. ಆದರೆ ಮೂರು ಪಟ್ಟು ಅನ್ನುವುದು ಬೇರೆ ಕಡೆಯದು. ಗಾರ್ಡ್ನರ್ 1949ರಲ್ಲಿ ಬರೆದ ಕಾದಂಬರಿಯಲ್ಲಿ, ನಿನಗೆ ಒಳ್ಳೆಯದು ಸಿಕ್ಕಿದರೆ ನೀನು ಮೂರು ಪಟ್ಟು ಒಳ್ಳೆಯದನ್ನು ಹಿಂದಿರುಗಿಸಬೇಕು ಅಂತ ಇತ್ತು. ಅದು ಮನುಷ್ಯನ ಕರ್ತವ್ಯದ ಮಾತು. ಮುಂದೆ ಅದೇ ಪ್ರಪಂಚವೇ ಕೊಡುವ ಶಿಕ್ಷೆ, ಬಹುಮಾನ ಆಗಿಹೋಯಿತು. ವೇಲಿಯೆಂಟ್ ಇದನ್ನು ಒಪ್ಪಲಿಲ್ಲ. ಎಲ್ಲರಿಗೂ ಒಂದು ಕರ್ಮ, ಮಾಟಗಾತಿಯರಿಗೆ ಮಾತ್ರ ಇನ್ನೊಂದು ಯಾಕೆ ಅಂತ ಕೇಳಿದರು. ಅವರ ಮಾತು ನನಗೆ ಸರಿ ಅನ್ನಿಸುತ್ತದೆ. ಏಟು ವಾಪಸ್ ಬೀಳುತ್ತದೆ ಅಂತ ಕೈ ತಡೆಯುವವನು ಎದುರಿನವನ ನೋವನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಅಮೆರಿಕದಲ್ಲಿ ಕಥೆ ಬೇಗ ಬೇಗ ನಡೆಯಿತು. 1974ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಸೇರಿದ ಮಾಟಗಾತಿಯರ ಮಂಡಳಿಯೊಂದು 13 ತತ್ವಗಳನ್ನು ಒಪ್ಪಿತು: ನಾವು ಸೈತಾನನನ್ನು ಪೂಜಿಸುವುದಿಲ್ಲ, ಇನ್ನೊಬ್ಬರ ಸಂಕಟದಿಂದ ಶಕ್ತಿ ಗಳಿಸುವುದಿಲ್ಲ, ಪ್ರಕೃತಿಯ ಬಗ್ಗೆ ನಮಗೆ ಹೊಣೆ ಇದೆ. 1986ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯವೊಂದು ವಿಕ್ಕಾ ಕೂಡ ಧರ್ಮವೇ ಎಂದಿತು. 2007ರಲ್ಲಿ ಸೈನಿಕರ ಸಮಾಧಿಯ ಮೇಲೆ ವಿಕ್ಕಾದ ಐದು ಮೂಲೆಯ ನಕ್ಷತ್ರ ಕೆತ್ತಲು ಸರ್ಕಾರ ಒಪ್ಪಿತು. ಅದಕ್ಕೆ ಕುಟುಂಬಗಳು ವರ್ಷಗಟ್ಟಲೆ ಹೋರಾಡಬೇಕಾಯಿತು.

ಒಳಗಿನ ವಾದಗಳು ಮುಗಿದಿಲ್ಲ. 1970ರ ದಶಕದಲ್ಲಿ ಹೆಂಗಸರಷ್ಟೇ ಇರುವ ಗುಂಪು ಕಟ್ಟಿದ ಝೂಝಾನಾ ಬುಡಾಪೆಸ್ಟ್, ಅತ್ಯಾಚಾರಿಯ ಮೇಲೆ ಶಾಪ ಹಾಕುವುದು ತಪ್ಪಲ್ಲ ಎಂದರು. ಕೇಡು ಮಾಡುವವನನ್ನು ತಡೆಯದೆ ಸುಮ್ಮನಿರುವುದೂ ಕೇಡೇ ಅಲ್ಲವೇ ಎಂದು ಕೇಳುವವರು ಈಗಲೂ ಇದ್ದಾರೆ. ವಶೀಕರಣದ ಮಂತ್ರ ಬೇಡ ಅನ್ನುವುದರಲ್ಲಿ ಹೆಚ್ಚಿನವರಿಗೆ ಒಮ್ಮತವಿದೆ, ಯಾಕೆಂದರೆ ಅದು ಇನ್ನೊಬ್ಬರ ಮನಸ್ಸನ್ನು ಕಸಿದುಕೊಂಡಂತೆ. ಕಷ್ಟದ ಪ್ರಶ್ನೆ ರೋಗಿಯದು. ಕಾಯಿಲೆ ಬಿದ್ದ ಗೆಳತಿಗೆ ಹೇಳದೆಯೇ ಅವಳ ಆರೋಗ್ಯಕ್ಕೆ ಮಂತ್ರ ಮಾಡಬಹುದಾ? ಒಳ್ಳೆಯದಕ್ಕೇ ತಾನೇ, ಮಾಡಿದರೇನು ಅನ್ನುತ್ತಾರೆ ಕೆಲವರು. ಮೊದಲು ಅವಳನ್ನು ಕೇಳಿ ಅನ್ನುವವರು ಬಹಳ. ನಾನು ಕೇಳಿ ಅನ್ನುವವರ ಕಡೆ. ಅವಳ ಮೈ ಅವಳದು. ಬೇಡ ಅನ್ನುವ ಹಕ್ಕೂ ಅವಳದೇ.