ಕಡ್ಡಿ ಫುಲ್ ಇದ್ದರೂ ವೈಫೈ ಯಾಕೆ ಕೈಕೊಡುತ್ತದೆ?

ಮಳೆಗಾಲ ಶುರುವಾದರೆ ಚಿಕ್ಕಮಗಳೂರು ಕಡೆಯ ಮನೆಗಳಲ್ಲಿ ಒಂದೇ ದೂರು. ವೈಫೈ ಕಡ್ಡಿ ಫುಲ್ ಇದೆ, ಆದರೂ ವಿಡಿಯೋ ಕಾಲ್ ಕಟ್ ಆಗುತ್ತದೆ. ಎಷ್ಟೋ ಜನ ಕೂಡಲೇ ಪೇಟೆಗೆ ಹೋಗಿ ರಿಪೀಟರ್, ಅಂದರೆ ವೈಫೈ ಅಲೆಯನ್ನು ಹಿಡಿದು ಮುಂದಕ್ಕೆ ದಾಟಿಸುವ ಪೆಟ್ಟಿಗೆ, ತರುತ್ತಾರೆ. ದುಡ್ಡು ಹಾಕುವ ಮುಂಚೆ ಆ ಕಡ್ಡಿಗಳು ಏನು ಹೇಳುತ್ತವೆ ಅಂತ ತಿಳಿದುಕೊಳ್ಳುವುದು ಒಳ್ಳೆಯದು.

ಅವು ಹೇಳುವುದು ಒಂದೇ ಸಂಗತಿ. ರೂಟರ್ ಕಳಿಸಿದ ರೇಡಿಯೋ ಅಲೆ ನಿಮ್ಮ ಫೋನಿಗೆ ಎಷ್ಟು ಜೋರಾಗಿ ಮುಟ್ಟುತ್ತಿದೆ, ಅಷ್ಟೆ. ಜಾತ್ರೆಯಲ್ಲಿ ಮೈಕ್ ಹಿಡಿದವರ ಮಾತು ಮೈದಾನದ ತುದಿಗೂ ಕೇಳುತ್ತದೆ. ಆ ತುದಿಯಿಂದ ನೀವು ಕೂಗಿದ್ದು ಅವರಿಗೂ ಕೇಳಬೇಕು ಅಲ್ವಾ? ಫೋನಿನ ಆಂಟೆನಾ ಚಿಕ್ಕದು, ಅದು ಕಳಿಸುವ ಅಲೆಯ ಶಕ್ತಿಯೂ ಸಾಮಾನ್ಯವಾಗಿ ರೂಟರ್‌ಗಿಂತ ಕಡಿಮೆ. ಅದು ಕಳಿಸಿದ್ದು ರೂಟರ್‌ಗೆ ಮುಟ್ಟಿತೋ ಇಲ್ಲವೋ, ರೂಟರ್‌ನಿಂದ ಆಚೆಗೆ ನೆಟ್ ಇದೆಯೋ ಇಲ್ಲವೋ, ಕಡ್ಡಿಗಳಲ್ಲಿ ಕಾಣುವುದಿಲ್ಲ.

ಹಾಗಾಗಿ ತೊಂದರೆ ರೂಟರ್‌ನಿಂದ ಈಚೆಗಿದೆಯೋ ಆಚೆಗಿದೆಯೋ ಅಂತ ಮೊದಲು ನೋಡಬೇಕು. ನೆಟ್ ನಿಂತ ಹೊತ್ತಿನಲ್ಲೇ ಮೊಬೈಲ್ ಡೇಟಾ ಆಫ್ ಮಾಡಿ, ಬ್ರೌಸರ್‌ನಲ್ಲಿ ರೂಟರ್‌ನ ವಿಳಾಸ ಹಾಕಿ. ಬಹಳ ಕಡೆ ಅದು 192.168.1.1 ಅಥವಾ 192.168.0.1. ರೂಟರ್‌ನ ಅಡಿಗೆ ಅಂಟಿಸಿದ ಚೀಟಿಯಲ್ಲಿ ಇರುತ್ತದೆ. ಲಾಗಿನ್ ಪುಟ ಪಟ್ಟನೆ ತೆರೆದುಕೊಂಡರೆ ಮನೆಯೊಳಗಿನ ವೈಫೈ ಚೆನ್ನಾಗಿದೆ. ತೊಂದರೆ ಆಚೆಗಿದೆ.

ಆಚೆಗೆ ಅಂದರೆ ಈಗ ಹೆಚ್ಚಾಗಿ ಫೈಬರ್. ತೋಟದ ಸಿಲ್ವರ್ ಮರ, ಕರೆಂಟ್ ಕಂಬ ಹಿಡಿದುಕೊಂಡು ಬರುವ ಆ ಕೇಬಲ್ ಒಳಗೆ ಕೂದಲೆಳೆಯಷ್ಟು ತೆಳ್ಳಗಿನ ಗಾಜಿನ ಎಳೆ ಇರುತ್ತದೆ, ನೆಟ್ ಅದರಲ್ಲಿ ಬೆಳಕಾಗಿ ಬರುತ್ತದೆ. ಕೊಂಬೆ ಬಿದ್ದು ಅದು ಚೂಪಾಗಿ ಬಾಗಿದರೆ ಬೆಳಕು ಅಲ್ಲೇ ಸೋರಿಹೋಗುತ್ತದೆ. ಪೂರ್ತಿ ತುಂಡಾದರೆ ಪತ್ತೆ ಸುಲಭ, ಮನೆಯಲ್ಲಿ ಆ ಕೇಬಲ್ ಬಂದು ಸೇರುವ ಫೈಬರ್ ಪೆಟ್ಟಿಗೆಯಲ್ಲಿ 'ಎಲ್‌ಒಎಸ್' ಅನ್ನುವ ಕೆಂಪು ದೀಪ ಹತ್ತುತ್ತದೆ. ಅರೆಬರೆ ಬಾಗಿದ್ದೇ ನಿಜವಾದ ಕಾಟ. ಗಾಳಿ ಬೀಸಿದಾಗ ನೆಟ್ ಹೋಗುತ್ತದೆ, ಗಾಳಿ ನಿಂತಾಗ ಬರುತ್ತದೆ. ನೆಟ್‌ನವರು ಬಂದಾಗ ಸುಮ್ನೆ ರೂಟರ್ ಆಫ್ ಮಾಡಿ ಆನ್ ಮಾಡಿ ಹೋಗಲು ಬಿಡಬೇಡಿ. ಮೀಟರ್ ಇಟ್ಟು ಬೆಳಕಿನ ಬಲ ಅಳೆಯಲು ಹೇಳಿ. ಮನೆಗೆ ಕೊಡುವ ಸಾಮಾನ್ಯ ಫೈಬರ್ ಪೆಟ್ಟಿಗೆಗಳಿಗೆ -27 ಡಿಬಿಎಂ ಆಸುಪಾಸು ಕೊನೆಯ ಗಡಿ. ಡಿಬಿಎಂ ಅಂದರೆ ಬೆಳಕಿನ ಬಲದ ಅಳತೆ, ಮೈನಸ್ ಮುಂದಿನ ಅಂಕಿ ದೊಡ್ಡದಾದಷ್ಟೂ ಬಲ ಕಡಿಮೆ. ಅಳತೆ -26 ಬಂದರೆ ಇವತ್ತು ನಡೆಯಬಹುದು, ನಾಳೆಯ ಗಾಳಿಗೆ ನಂಬುವಂತಿಲ್ಲ. ಬೀರುವಿನ ಹಿಂದೆ ಮಡಚಿ ತುರುಕಿದ ಕೇಬಲ್‌ಗೂ ಇದೇ ಗತಿ.

ಕರೆಂಟ್ ಹೋದಾಗ ಮಾತ್ರ ಹೀಗಾಗುತ್ತಿದ್ದರೆ ಯುಪಿಎಸ್ ನೋಡಿ. ರೂಟರ್‌ಗೆ ಮಾತ್ರ ಬ್ಯಾಕಪ್ ಇದ್ದು ಫೈಬರ್ ಪೆಟ್ಟಿಗೆಗೆ ಇಲ್ಲದಿದ್ದರೆ ಕಡ್ಡಿ ಇರುತ್ತದೆ, ನೆಟ್ ಇರುವುದಿಲ್ಲ.

ಇನ್ನು ಲಾಗಿನ್ ಪುಟವೇ ತೆರೆಯಲಿಲ್ಲ ಅನ್ನಿ. ಆಗ ತೊಂದರೆ ಮನೆಯೊಳಗೇ ಇರುವುದು ಜಾಸ್ತಿ. ಊರೊಳಗೆ ಒತ್ತೊತ್ತಾಗಿ ಮನೆಗಳಿರುವಲ್ಲಿ ಪಕ್ಕದವರ ರೂಟರ್ ಕಾರಣ ಇರಬಹುದು. ವೈಫೈ ಓಡುವ ಅಲೆಪಟ್ಟಿಗಳಲ್ಲಿ ಒಂದಾದ 2.4 ಗಿಗಾಹರ್ಟ್ಸ್‌ನಲ್ಲಿ 1ರಿಂದ 13ರವರೆಗೆ ಚಾನೆಲ್‌ಗಳಿದ್ದರೂ ಅಕ್ಕಪಕ್ಕದವು ಒಂದರ ಮೇಲೊಂದು ಬೀಳುತ್ತವೆ. ಒಂದಕ್ಕೊಂದು ತಾಗದೆ ಒಟ್ಟಿಗೆ ಬಳಸಲು ಸಾಮಾನ್ಯವಾಗಿ ಆರಿಸುವುದು 1, 6, 11. ವೈಫೈ ಮೊದಲು ಕೇಳಿಸಿಕೊಂಡು, ಬೇರೆಯವರು ಸುಮ್ಮನಿದ್ದಾಗಷ್ಟೇ ಕಳಿಸುತ್ತದೆ. ಗದ್ದಲ ಹೆಚ್ಚಾದಷ್ಟೂ ಸರದಿ ಕಾಯಬೇಕು. ಅಲೆಯ ಜೋರು ಕಡಿಮೆಯಾಗಿಲ್ಲ, ಆದ್ದರಿಂದ ಕಡ್ಡಿಯೂ ಇಳಿಯುವುದಿಲ್ಲ. ಮೈಕ್ರೋವೇವ್ ಓವನ್ ಕೂಡ 2.45ರಲ್ಲೇ ನಡೆಯುತ್ತದೆ. ಹತ್ತಿರದ ಕೋಣೆಗಳಲ್ಲಿ 5 ಗಿಗಾಹರ್ಟ್ಸ್‌ಗೆ ಬದಲಾಯಿಸಿ, ವ್ಯತ್ಯಾಸ ಕಾಣುತ್ತದೆ.

ತೋಟದ ಮನೆಗೆ ಅಕ್ಕಪಕ್ಕದ ಕಾಟವಿಲ್ಲ. ಅಲ್ಲಿ ಉದ್ದನೆಯ ಮನೆ, ದಪ್ಪ ಗೋಡೆ, ಕೊನೆಯ ಕೋಣೆಯಲ್ಲೊಂದು ರಿಪೀಟರ್. ಫೋನ್ ತೋರಿಸುವ ಕಡ್ಡಿ ಆ ರಿಪೀಟರ್‌ನದು, ರೂಟರ್‌ನದಲ್ಲ. ರಿಪೀಟರ್‌ಗೇ ರೂಟರ್ ಸರಿಯಾಗಿ ಸಿಗದಿದ್ದರೆ ಕಡ್ಡಿ ಫುಲ್ ಇದ್ದು ಏನು ಬಂತು? ರಿಪೀಟರನ್ನು ರೂಟರಿಗೂ ಆ ಕೋಣೆಗೂ ನಡುವೆ, ರೂಟರ್ ಚೆನ್ನಾಗಿ ಸಿಗುವಲ್ಲಿ ಇಡಿ. ಅದಕ್ಕಿಂತ ಗಟ್ಟಿ ದಾರಿ ಈಥರ್ನೆಟ್ ಕೇಬಲ್ ಎಳೆದು ಆ ತುದಿಯಲ್ಲಿ ಇನ್ನೊಂದು ಆಕ್ಸೆಸ್ ಪಾಯಿಂಟ್, ಅಂದರೆ ಕೇಬಲ್‌ನಲ್ಲಿ ಬಂದ ನೆಟ್ಟನ್ನು ವೈಫೈ ಮಾಡಿ ಕೊಡುವ ಪೆಟ್ಟಿಗೆ, ಕೂರಿಸುವುದು. 100 ಮೀಟರ್‌ವರೆಗೆ ಆ ಕೇಬಲ್ ಸಲೀಸಾಗಿ ನಡೆಯುತ್ತದೆ. ಮನೆಯೊಳಗಿಂದಲೇ ಎಳೆಯಿರಿ. ಅಂಗಳ ದಾಟಿಸಿದ ತಾಮ್ರದ ತಂತಿಗೆ ಸಿಡಿಲಿನ ಭಯ ಇದ್ದೇ ಇದೆ.