ಸೀರಿ ನಮ್ಮದು, ಮಾರಿ ಯಾರ್ದು?

ಕೆಲವು ವರ್ಷಗಳ ಹಿಂದಿನ ಮಾತು. ಇಳಕಲ್ ಸೀರೆ ಮಾರುವ ಅಂಗಡಿಯೊಂದಕ್ಕೆ ಹಬ್ಬದ ಜಾಹೀರಾತು ಮಾಡಬೇಕಿತ್ತು. ಹೊರಗಿನಿಂದ ಮಾಡೆಲ್ ಕರೆಸಿದರೆ ಖರ್ಚು ಜಾಸ್ತಿ ಅಂತ ಮಾಲೀಕರು ನೇಕಾರರ ಮನೆಯ ಹುಡುಗಿಯೊಬ್ಬಳನ್ನು ಒಪ್ಪಿಸಿದ್ದರು. ಎಣ್ಣೆಗಪ್ಪು ಬಣ್ಣದ ಹುಡುಗಿ. ಕ್ಯಾಮೆರಾ ಮುಂದೆ ಒಂಚೂರೂ ಅಂಜಲಿಲ್ಲ. ಸಂಜೆ ಮಾಲೀಕರ ಫೋನ್ ಬಂತು. "ಎಲ್ಲಾ ಛಲೋ ಬಂದಾವ್ರಿ ಸರ. ಮಾರಿ ಅಷ್ಟ ಸ್ವಲ್ಪ ಬೆಳ್ಳಗ ಮಾಡಿಬಿಡ್ರಿ."

ಮಾಡಿಬಿಟ್ಟೆ. ನಮ್ಮ ಕಸುಬಿನಲ್ಲಿ ಅದು ಹತ್ತು ಸೆಕೆಂಡಿನ ಕೆಲಸ. ಫೋಟೋಶಾಪ್‌ನಲ್ಲಿ ನಮ್ಮ ಚರ್ಮದ ಬಣ್ಣ ಹೆಚ್ಚಾಗಿ ಕಿತ್ತಳೆ ಮತ್ತು ಕೆಂಪಿನೊಳಗೆ ಇರುತ್ತದೆ. ಆ ಎರಡು ಬಣ್ಣಗಳ ಹೊಳಪಿನ ಸ್ಲೈಡರ್ ಬಲಕ್ಕೆ ಎಳೆದರೆ ಮುಖ ಬೆಳ್ಳಗಾಗುತ್ತದೆ. ಆದರೆ ಇಳಕಲ್ ಸೀರೆಯ ಸೆರಗೂ ಕೆಂಪೇ ಅಲ್ವಾ? ಟೋಪ್ ತೆನಿ ಅಂತ ಕರೆಯುವ ಆ ಸೆರಗಿನ ಗಾಢ ಕೆಂಪು, ಹತ್ತು ಸಲ ಒಗೆದ ಗುಲಾಬಿ ಬಣ್ಣಕ್ಕೆ ಬಂತು. ಬಿಳಿ ತೆನೆಗಳು ಎದ್ದು ಕಾಣೋದನ್ನೇ ಬಿಟ್ಟವು. ಕಣ್ಣಿಗೆ ಬಿದ್ದಿತ್ತು, ಆದರೂ ಸುಮ್ಮನಾದೆ. ಫ್ಲೆಕ್ಸ್ ಏರಿದ ಮೇಲೆ ಹುಡುಗಿ ಅವ್ವನನ್ನು ಕರೆದುಕೊಂಡು ನೋಡೋಕೆ ಬಂದಳು.

"ಸೀರಿ ನಮ್ಮದು. ಮಾರಿ ಯಾರ್ದು ರಿ?" ಅಂದಳು.

ಅವಳ ಅವ್ವ ಕತ್ತೆತ್ತಿ ಇನ್ನೂ ಸ್ವಲ್ಪ ಹೊತ್ತು ನೋಡಿದರು. "ಸೀರಿನೂ ನಮ್ಮದಲ್ಲ ಬಿಡ. ಇಂಥಾ ಬಣ್ಣ ನಾವೆಲ್ಲಿ ನೇಯ್ದೀವಿ?"

ಬಾಗಲಕೋಟೆಯಲ್ಲಿ ಜಾಹೀರಾತು ಫೋಟೋ ತೆಗೆಯುವ, ಫ್ಲೆಕ್ಸ್ ವಿನ್ಯಾಸ ಮಾಡುವ ಕೆಲಸ ನನ್ನದು. ಸಮಾಜವನ್ನು ನ್ಯಾಯವಾಗಿ ತೋರಿಸಬೇಕು ಅನ್ನೋ ಚರ್ಚೆ ಬಂದಾಗ ಎಲ್ಲರೂ ದೊಡ್ಡ ದೊಡ್ಡ ಮಾತಾಡುತ್ತಾರೆ. ನನಗೆ ಗೊತ್ತಿರುವಂತೆ ಅನ್ಯಾಯ ಆಗೋದು ಇಂಥ ಹತ್ತು ಸೆಕೆಂಡುಗಳಲ್ಲಿ. ಯಾರಿಗೂ ಕೆಟ್ಟ ಉದ್ದೇಶ ಇರೋದಿಲ್ಲ. ಮಾಲೀಕರಿಗೂ ಇರಲಿಲ್ಲ, ನನಗೂ ಇರಲಿಲ್ಲ.

ಈ ರೂಢಿ ನಮ್ಮ ಉಪಕರಣದೊಳಗೇ ಇತ್ತು ಅಂದರೆ ಹೊಸಬರು ನಂಬೋದಿಲ್ಲ. ಫಿಲ್ಮ್ ಕಾಲದಲ್ಲಿ ಕೊಡಾಕ್ ಕಂಪನಿ ಲ್ಯಾಬ್‌ಗಳಿಗೆ ಒಂದು ಮಾದರಿ ಫೋಟೋ ಕೊಡುತ್ತಿತ್ತು. ಪ್ರಿಂಟ್‌ನಲ್ಲಿ ಬಣ್ಣ ಸರಿ ಬಂತಾ ಅಂತ ಅದನ್ನು ಪಕ್ಕದಲ್ಲಿಟ್ಟು ನೋಡೋದು. ಅದರಲ್ಲಿದ್ದದ್ದು ಬಿಳಿ ಹೆಂಗಸು. ಶರ್ಲಿ ಕಾರ್ಡ್ ಅಂತಲೇ ಅದಕ್ಕೆ ಹೆಸರು. ಆಕೆಯ ಮುಖ ಸರಿ ಬಂದರೆ ಎಲ್ಲಾ ಸರಿ ಅಂತ ಲೆಕ್ಕ. ಬೇರೆ ಬೇರೆ ಮೈಬಣ್ಣದವರು ಇರುವ ಕಾರ್ಡ್ ಬಂದಿದ್ದು 1990ರ ದಶಕದಲ್ಲಿ. ಈಗಿನ ಕ್ಯಾಮೆರಾ ಕೂಡ ತಾನಾಗಿಯೇ ಬೆಳಕು ಅಳೆಯುವಾಗ ಎಲ್ಲವನ್ನೂ ಒಂದು ನಡುವಿನ ಬೂದಿಗೆ ತರಲು ನೋಡುತ್ತದೆ. ಕಪ್ಪು ಮುಖದ ಹುಡುಗಿಯನ್ನು ಸುಣ್ಣದ ಗೋಡೆ ಮುಂದೆ ನಿಲ್ಲಿಸಿದರೆ ಗೋಡೆ ನೋಡಿ ಅದು ಬೆಳಕು ತಗ್ಗಿಸುತ್ತದೆ, ಮುಖ ಕತ್ತಲಾಗುತ್ತದೆ. ಆಗ ನಾವು "ಹುಡುಗಿ ಕಪ್ಪಿದ್ದಾಳೆ" ಅನ್ನುತ್ತೇವೆ. ಗೋಡೆ ಬದಲಿಸಿ, ಪಕ್ಕದಿಂದ ಬೆಳಕು ಕೊಟ್ಟು, ಒಂದು ಥರ್ಮೋಕೋಲ್ ಹಾಳೆ ಹಿಡಿದು ಬೆಳಕನ್ನು ಮುಖಕ್ಕೆ ಮರಳಿಸಿದರೆ ಆ ಚರ್ಮದ ಹೊಳಪೇ ಬೇರೆ. ಸ್ಲೈಡರ್ ಮುಟ್ಟುವ ಪ್ರಮೇಯವೇ ಬರೋದಿಲ್ಲ.

ನಿಯಮ ಇಲ್ಲ ಅಂತಲ್ಲ. ಜಾಹೀರಾತು ಉದ್ಯಮದವರೇ 1985ರಲ್ಲಿ ಕಟ್ಟಿಕೊಂಡ ಎಎಸ್‌ಸಿಐ ಅನ್ನುವ ಮಂಡಳಿ ಇದೆ. ಮೈಬಣ್ಣ ಕಪ್ಪು ಅಂದರೆ ಮದುವೆ ಆಗದು, ಕೆಲಸ ಸಿಗದು ಅಂತ ತೋರಿಸಬಾರದು ಅಂತ ಅದು 2014ರಲ್ಲೇ ಮಾರ್ಗಸೂಚಿ ತಂದಿತು. ಹೆಸರಾಂತ ಬಿಳುಪಿನ ಕ್ರೀಮೊಂದು 2020ರಲ್ಲಿ ತನ್ನ ಹೆಸರಿನಿಂದ 'ಫೇರ್' ಕಿತ್ತುಹಾಕಿ 'ಗ್ಲೋ' ಅಂತ ಮಾಡಿಕೊಂಡಿತು. 2022ರಲ್ಲಿ ಹೆಣ್ಣು-ಗಂಡಿನ ಚಿತ್ರಣದ ಬಗ್ಗೆಯೂ ಮಾರ್ಗಸೂಚಿ ಬಂತು. ಆದರೆ ನಮ್ಮ ಬಸ್ ಸ್ಟ್ಯಾಂಡ್ ಪಕ್ಕದ ಫ್ಲೆಕ್ಸ್ ಬಗ್ಗೆ ಅಲ್ಲಿಗೆ ಯಾರು ದೂರು ಕೊಡುತ್ತಾರೆ, ಹೇಳಿ. ಇಲ್ಲಿ ನಿಯಮ ಅಂದರೆ ಮೌಸ್ ಹಿಡಿದಿರೋನೇ.

ರೈತರ ಚಿತ್ರದ್ದು ಇನ್ನೊಂದು ತಮಾಷೆ. ಮುಧೋಳದ ಕಡೆಯ ಗೊಬ್ಬರದ ಅಂಗಡಿಗೆ ಬೋರ್ಡ್ ಮಾಡುವಾಗ ಇಂಟರ್ನೆಟ್‌ನಿಂದ 'ಭಾರತೀಯ ರೈತ' ಅಂತ ಹುಡುಕಿ ಒಂದು ಚಿತ್ರ ಕೊಂಡಿದ್ದೆ. ಬಣ್ಣದ ಪೇಟ, ಹುರಿಮೀಸೆ, ಹಿಂದೆ ಹಳದಿ ಸಾಸಿವೆ ಹೊಲ. ಬೋರ್ಡ್ ಏರಿಸುವಾಗಲೇ ಒಬ್ಬ ಹಿರಿಯರು ಕೇಳಿದರು. "ಈ ಗೊಬ್ಬರ ಹಾಕಿದ್ರ ಕಬ್ಬು ಹೋಗಿ ಸಾಸಿವಿ ಬರ್ತೈತೇನೊ ತಮ್ಮಾ?"

ಮುಂದಿನ ಸಲ ಘಟಪ್ರಭೆ ದಂಡೆಯ ಕಬ್ಬಿನ ಹೊಲಕ್ಕೇ ಹೋದೆ. ಬಿಳಿ ಟೋಪಿ, ಧೋತರದ ಯಜಮಾನರು ಸಿಕ್ಕರು. ಅವರ ಪಕ್ಕದ ಸಾಲಿನಲ್ಲಿ ಐದಾರು ಹೆಣ್ಣುಮಕ್ಕಳು ಕಸ ತೆಗೆಯುತ್ತಿದ್ದರು. ಫ್ರೇಮಿಗೆ ಅಡ್ಡ ಬರುತ್ತಾರೆ ಅಂತ ಅವರನ್ನು ಬದಿಗೆ ಸರಿಯಲು ಹೇಳಿದವನೂ ನಾನೇ. ಮನೆಗೆ ಬಂದು ಚಿತ್ರ ನೋಡುವಾಗ ಗೊತ್ತಾಯಿತು, ಆ ಹೊಲದಲ್ಲಿ ನಾನು ಇದ್ದಷ್ಟೂ ಹೊತ್ತು ದುಡಿಯುತ್ತಿದ್ದವರು ಆ ಹೆಣ್ಣುಮಕ್ಕಳಷ್ಟೇ.

ಹಾಗಂತ ಲೆಕ್ಕ ಹಾಕಿ ಜನರನ್ನು ತುಂಬೋದನ್ನೂ ನಾನು ಒಪ್ಪೋದಿಲ್ಲ. ಒಂದು ಟೋಪಿ, ಒಂದು ಬುರ್ಖಾ, ಒಂದು ಶಿಲುಬೆ ಸಾಲಾಗಿ ನಿಲ್ಲಿಸಿದರೆ ಶಾಲೆಯ ಗೋಡೆ ಚಿತ್ರ ಆಗುತ್ತದೆ ಅಷ್ಟೆ. ವಿಜಯಪುರದ ಯಾವ ಜಾಹೀರಾತಿಗೂ ಹಿಂದೆ ಗೋಳಗುಮ್ಮಟ ಇರಲೇಬೇಕಾ? ಅಲ್ಲಿಯವರು ಹಲ್ಲು ನೋವಿಗೂ ಗುಮ್ಮಟದ ಮುಂದೆ ನಿಲ್ಲೋದಿಲ್ಲ.

ಮಾತಿನ ವಿಷಯಕ್ಕೆ ಬಂದರೆ ತಪ್ಪು ಹೊರಗಿನವರದ್ದಷ್ಟೇ ಅಲ್ಲ. ಸಿನಿಮಾದಲ್ಲಿ ನಮ್ಮ ಭಾಷೆ ಕಾಮಿಡಿಯವನ ಬಾಯಲ್ಲೇ ಇರುತ್ತದೆ ಅಂತ ನಾವೇ ಬೈಯುತ್ತೇವೆ. ಅದೇ ನಮ್ಮೂರ ಆಸ್ಪತ್ರೆಯ ಜಾಹೀರಾತಿಗೆ ದನಿ ಕೊಡಿಸುವಾಗ, ಡಾಕ್ಟರು ಬೆಂಗಳೂರು ಕನ್ನಡ ಮಾತಾಡಬೇಕು, ಪೇಷಂಟ್ ಮಾತ್ರ "ಹೊಟ್ಟಿ ನೋಯಾಕತ್ತೈತ್ರಿ" ಅನ್ನಬೇಕು. ಒಮ್ಮೆ ಡಾಕ್ಟರ ಬಾಯಲ್ಲಿ "ಎಂದಿನಿಂದ ನೋಯಾಕತ್ತೈತ್ರಿ?" ಅಂತ ಬರೆದೆ. ನಿಜವಾದ ಡಾಕ್ಟರೇ ನಕ್ಕರು. ಅವರು ದಿನಾ ಮಾತಾಡೋದೇ ಹಾಗೆ.

ಇನ್ನೊಂದು ಘಟನೆ ಹೇಳೋಕೆ ನನಗೇ ಮುಜುಗರ. ಹೆಣ್ಣುಮಕ್ಕಳನ್ನು ದೇವರಿಗೆ ದೇವದಾಸಿಯಾಗಿ ಬಿಡುವ ಪದ್ಧತಿಯನ್ನು ಕರ್ನಾಟಕ 1982ರಲ್ಲೇ ಕಾಯ್ದೆ ಮಾಡಿ ನಿಷೇಧಿಸಿದೆ. ಆ ಪದ್ಧತಿಯಿಂದ ಹೊರಬಂದ ಒಬ್ಬ ಹಿರಿಯ ಹೆಣ್ಣುಮಗಳ ಫೋಟೋ ಒಂದು ಸಂಸ್ಥೆಯ ಪತ್ರಿಕೆಗೆ ಬೇಕಿತ್ತು. ಫೋಟೋ ಅಂತ ಅವರು ಒಳ್ಳೆ ಸೀರೆ ಉಟ್ಟು, ಕೈ ತುಂಬ ಬಳೆ ಹಾಕಿಕೊಂಡು ಕೂತಿದ್ದರು. ಸಂಸ್ಥೆಯವರು ನನ್ನ ಕಿವಿಯಲ್ಲಿ, ಹೀಗಿದ್ದರೆ ದಾನ ಬರೋದಿಲ್ಲ ಅಂದರು. ನಾನೇ ಹೋಗಿ ಕೇಳಿದೆ. "ಹಳೇ ಸೀರಿ ಇದ್ರ ಉಟಗೊಂಡು ಬರ್ತೀರೇನು?"

ಅವರು ನನ್ನ ಮುಖ ನೋಡಿ, "ಅದನ್ನ ಒಲಿ ಒರಸಾಕ ಇಟಗೊಂಡೀನಿ ತಮ್ಮಾ" ಅಂದರು. ಆದರೂ ಹೋಗಿ ಉಟ್ಟು ಬಂದರು. ಬಾಗಿಲಿನ ಕತ್ತಲಲ್ಲಿ ಕೂರಿಸಿ ತೆಗೆದೆ. ಒಪ್ಪಿಗೆಯ ಕಾಗದ ಇಂಗ್ಲಿಷಿನಲ್ಲಿತ್ತು, ಹೆಬ್ಬೆಟ್ಟು ಒತ್ತಿದರು.

ಅಂಗವಿಕಲರನ್ನು ತೆರೆಯ ಮೇಲೆ ತೋರಿಸುವ ಬಗ್ಗೆ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ತೀರ್ಪು ಕೊಟ್ಟಿತಲ್ಲ, ಆಗ ಈ ಮುಖ ನೆನಪಾಯಿತು. ಬರೀ ಕಷ್ಟವನ್ನಷ್ಟೇ ತೋರಿಸಬೇಡಿ, ಅವರ ಸಾಮರ್ಥ್ಯವನ್ನೂ ತೋರಿಸಿ, ಹಾಗಂತ ಪವಾಡಪುರುಷರನ್ನಾಗಿಯೂ ಮಾಡಬೇಡಿ ಅನ್ನುತ್ತದೆ ಅದು. ಅಂಥವರನ್ನು ಕೇಳಿಯೇ ಮಾಡಿ ಅಂತಲೂ ಹೇಳುತ್ತದೆ. ಅವತ್ತು ನಾನು ಕೇಳಿದ್ದು ಸೀರೆ ಬದಲಿಸುತ್ತೀರಾ ಅಂತ ಮಾತ್ರ.

ಈಗ ಒಪ್ಪಿಗೆ ಕಾಗದ ಕನ್ನಡದಲ್ಲಿದೆ. ಓದಿ ಹೇಳುತ್ತೇನೆ, ತೆಗೆದ ಚಿತ್ರ ಕ್ಯಾಮೆರಾದಲ್ಲೇ ತೋರಿಸುತ್ತೇನೆ, ಎಲ್ಲೆಲ್ಲಿ ಹಾಕುತ್ತಾರೆ ಅಂತ ತಿಳಿಸುತ್ತೇನೆ. ಹೋದ ವರ್ಷ ಇನ್ನೊಂದು ಊರಿನಲ್ಲಿ ಹೀಗೇ ಓದಿ ಮುಗಿಸಿದಾಗ ಒಬ್ಬ ಹೆಣ್ಣುಮಗಳು, "ಬೆಳಗಾವಿಯೊಳಗ ಹಾಕ್ರಿ, ಬೆಂಗಳೂರಾಗ ಹಾಕ್ರಿ, ನಮ್ಮೂರ ಬಸ್ ಸ್ಟ್ಯಾಂಡಿನ್ಯಾಗ ಮಾತ್ರ ಬ್ಯಾಡ್ರಿ. ಮಗಳು ಅಲ್ಲಿಂದನ ಕಾಲೇಜಿಗೆ ಹೋಗ್ತಾಳ" ಅಂದರು.

ಕಾಗದದಲ್ಲಿ 'ಎಲ್ಲಿ ಹಾಕಬೇಕು' ಅಂತ ಒಂದು ಸಾಲಿತ್ತು. 'ಎಲ್ಲಿ ಹಾಕಬಾರದು' ಅನ್ನೋ ಸಾಲನ್ನು ಅವತ್ತು ಪೆನ್ನಿನಲ್ಲಿ ಬರೆದು ಸೇರಿಸಿದೆ. ಈಗ ಅದನ್ನೂ ಪ್ರಿಂಟ್ ಮಾಡಿಸಿದ್ದೇನೆ.