ಓಡುವ ಆಟ ಆಡಿಸಿದರೆ ಮಗು ಕೂತು ಕಲಿಯೋದಿಲ್ವಾ?

"ಮಗನಿಗೆ ನಾಲ್ಕು ವರ್ಷ. ಓಟ, ಜಿಗಿತ ಜಾಸ್ತಿಯಾದರೆ ಚೇಷ್ಟೆನೂ ಜಾಸ್ತಿಯಾಗುತ್ತೆ, ಆಮೇಲೆ ಒಂದು ಕಡೆ ಕೂರೋದೇ ಇಲ್ಲ ಅಂತಾರೆ. ಇಂಥ ಆಟ ಕಡಿಮೆ ಮಾಡಬೇಕಾ?"

ಬೇಡ, ಕಡಿಮೆ ಮಾಡಬೇಡಿ. ಎಷ್ಟು ಸಲ ಉತ್ತರ ಕೊಟ್ಟರೂ ಈ ಪ್ರಶ್ನೆ ಮತ್ತೆ ಬರುತ್ತದೆ. ಅದಕ್ಕೇ ಈ ಸಲ ಬಿಡಿಸಿ ಹೇಳುತ್ತೇನೆ.

ಲೆಕ್ಕ ಮೊದಲು. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ಪ್ರಕಾರ 3–4 ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಮೈಯಾಡಿಸುತ್ತಿರಬೇಕು. ಅದರಲ್ಲಿ 60 ನಿಮಿಷವಾದರೂ ಚುರುಕಿನ ಆಟ ಇರಬೇಕು. ಒಂದೇ ಸಲ ಅಲ್ಲ, ದಿನವಿಡೀ ಸ್ವಲ್ಪ ಸ್ವಲ್ಪ.

ಇನ್ನು ಆ ಚೇಷ್ಟೆಯ ಮಾತು. ಸುಮ್ನೆ ಕೂರುವುದಕ್ಕೆ ಶ್ರಮವೇ ಬೇಡ ಅಂತ ದೊಡ್ಡವರಿಗೆ ಅನ್ನಿಸುತ್ತದೆ. ನಾಲ್ಕು ವರ್ಷದ ಮೈಗೆ ಅದು ಕಷ್ಟದ ಕೆಲಸ. ಬೆನ್ನು, ಹೊಟ್ಟೆ, ಕತ್ತಿನ ಸ್ನಾಯುಗಳು ಬಿಗಿಯಾಗಿ ಹಿಡಿದುಕೊಂಡರೆ ಮಾತ್ರ ನೆಟ್ಟಗೆ ಕೂರಲು ಆಗುತ್ತದೆ. ಮೈ ವಾಲದಂತೆ ನೋಡಿಕೊಳ್ಳುವ ಅಂಗ ಒಳಗಿವಿಯಲ್ಲಿದೆ. ಇವೆಲ್ಲ ಪಳಗುವುದು ಹತ್ತಿ, ಉರುಳಿ, ತೆವಳಿ, ಗಿರಗಿರ ತಿರುಗಿದಾಗಲೇ. ಕೂತು ಕೂತು ಅಲ್ಲ. ಮೇಜಿನ ಮೇಲೆ ತಲೆಯಿಟ್ಟು ಒರಗುವ, ಕುರ್ಚಿಯಲ್ಲಿ ಕೊಸರಾಡುವ ಮಗುವಿಗೆ ಎಷ್ಟೋ ಸಲ ಮೈ ಸೋತಿರುತ್ತದೆ. ನಾವು ಅದನ್ನು ಹಟ ಅಂದುಕೊಂಡು ಗದರುತ್ತೇವೆ.

ಮನಸ್ಸಿನ ಹಿಡಿತದ ಕಥೆಯೂ ಇದೇ. ಕಲಿಯಲು ಕೂತ ಮಗುವಿಗೆ ಮುಖ್ಯವಾಗಿ ಬೇಕಾದದ್ದು, ಮಾಡಬೇಕು ಅನ್ನಿಸಿದ್ದನ್ನು ತಡೆದುಕೊಳ್ಳುವ ಶಕ್ತಿ. ಅದಕ್ಕೆ ಸ್ಟ್ಯಾಚೂ ಆಟದಂಥ ಪಾಠ ಇನ್ನೊಂದಿಲ್ಲ. ಚಪ್ಪಾಳೆ ಕೇಳುತ್ತಿರುವಷ್ಟು ಹೊತ್ತು ಓಡಬೇಕು, ಚಪ್ಪಾಳೆ ನಿಂತ ಕೂಡಲೇ ಕಲ್ಲಾಗಬೇಕು. ಮೂರು ವರ್ಷದ ಮಗು ಎರಡು ಹೆಜ್ಜೆ ಮುಂದೆ ಹೋಗಿಯೇ ನಿಲ್ಲುತ್ತದೆ, ಪರವಾಗಿಲ್ಲ. ನಾಲ್ಕೂವರೆ, ಐದಕ್ಕೆ ನಿಯಮ ತಿರುಗಿಸಿ: ಜೋರು ಚಪ್ಪಾಳೆಗೆ ನಿಧಾನ ನಡಿಗೆ, ಮೆಲ್ಲಗಿನ ಚಪ್ಪಾಳೆಗೆ ಓಟ. ಆಗ ಅವರು ತುಟಿ ಕಚ್ಚಿಕೊಂಡು ಕಾಲನ್ನು ತಡೆಯುವುದನ್ನು ನೋಡಬೇಕು! ಪುಸ್ತಕದ ಮುಂದೆ ಗಂಟೆಗಟ್ಟಲೆ ಕೂರಿಸಿದರೂ ಅಷ್ಟು ಏಕಾಗ್ರತೆ ನನಗೆ ಕಂಡಿಲ್ಲ.

ಹಾಗಾದರೆ ಆಟ ಮುಗಿದ ಮೇಲೆ ಮಕ್ಕಳು ಕೆರಳಿದ ಹಾಗೆ ಇರುವುದು ಯಾಕೆ? ನಾವು ಆಟವನ್ನು ಥಟ್ಟನೆ ನಿಲ್ಲಿಸುವುದರಿಂದ. ಎದೆ ಡವಡವ ಹೊಡೆದುಕೊಳ್ಳುತ್ತಿರುವಾಗಲೇ "ಸಾಕು, ಬಾ, ಬರಿ" ಅಂದರೆ ಯಾರಿಗೆ ತಾನೇ ಆಗುತ್ತದೆ? ಕೊನೆಯ ಐದು ನಿಮಿಷ ವೇಗ ಇಳಿಸಿ. ಓಟದಿಂದ ನಡಿಗೆ, ಅಲ್ಲಿಂದ ಸದ್ದಿಲ್ಲದ ಬೆಕ್ಕಿನ ಹೆಜ್ಜೆ. ಆಮೇಲೆ ಅಂಗಾತ ಮಲಗಿಸಿ ಹೊಟ್ಟೆಯ ಮೇಲೆ ಒಂದು ಮೆತ್ತನೆಯ ಗೊಂಬೆ ಇಟ್ಟು, ಅದು ಏಳುವುದನ್ನೂ ಇಳಿಯುವುದನ್ನೂ ನೋಡಲು ಹೇಳಿ. ಮಲಗುವ ಹೊತ್ತಿಗೆ ಮಾತ್ರ ಜೋರಾದ ಆಟ ಬೇಡ. ತಪ್ಪು ಓಟದ್ದಲ್ಲ. ದಯವಿಟ್ಟು ಈ ಮಾತನ್ನು ಮನೆಯ ಹಿರಿಯರಿಗೂ ಓದಿ ಹೇಳಿ.

ಯಾರೂ ಕೇಳದಿದ್ದರೂ ಇನ್ನೊಂದು ವಿಷಯ ಹೇಳಲೇಬೇಕು: "ಔಟ್" ಮಾಡುವ ಆಟಗಳು. ಮ್ಯೂಸಿಕಲ್ ಚೇರ್ ತಗೊಳ್ಳಿ. ಮೊದಲು ಔಟ್ ಆಗುವುದು ಯಾರು? ಎಲ್ಲರಿಗಿಂತ ಚಿಕ್ಕದು, ನಿಧಾನದ್ದು, ಕಾಲು ಇನ್ನೂ ಗಟ್ಟಿಯಾಗದ್ದು. ಯಾರಿಗೆ ಓಡಾಟ ಜಾಸ್ತಿ ಬೇಕೋ ಅದೇ ಮಗು ಮೂಲೆಯಲ್ಲಿ ಕೂತು ಉಳಿದವರನ್ನು ನೋಡುತ್ತದೆ. ಚುರುಕಾದ ಮಗು ಕೊನೆಯವರೆಗೂ ಆಡುತ್ತದೆ. ಇದು ಸರಿಯಲ್ಲ ಅಲ್ವಾ? ಕುರ್ಚಿ ತೆಗೆಯಿರಿ, ಮಗುವನ್ನು ತೆಗೆಯಬೇಡಿ. ಕುರ್ಚಿಯ ಬದಲು ನೆಲದ ಮೇಲೆ ಬಟ್ಟೆ ಹಾಸಿದರೆ ಇನ್ನೂ ಒಳ್ಳೆಯದು. ಪ್ರತಿ ಸುತ್ತಿಗೂ ಒಂದು ಬಟ್ಟೆ ಕಡಿಮೆ ಮಾಡುತ್ತಾ ಹೋಗಿ. ಕೊನೆಗೆ ಎಲ್ಲರೂ ಒಂದೇ ಬಟ್ಟೆಯ ಮೇಲೆ, ಒಬ್ಬರನ್ನೊಬ್ಬರು ಹಿಡಿದುಕೊಂಡು, ಬೀಳದೆ ನಿಲ್ಲಬೇಕು. ಸಮತೋಲನಕ್ಕೆ ಇದೂ ಒಳ್ಳೆಯ ಕಸರತ್ತೇ.